ಚೀಟಿ ತಲುಪಿದವರು

ಪ್ರಾಥಮಿಕ ಆರೋಗ್ಯ ಕೇಂದ್ರ
ಆಲದಕೊಪ್ಪಲು, ಕೆ.ಆರ್. ಪೇಟೆ ತಾಲ್ಲೂಕು
೯ ಸೆಪ್ಟೆಂಬರ್ ೧೯೯೬

ಸಿಸ್ಟರ್ ಮಂಗಳಮ್ಮನವರಿಗೆ,

ಹಾಸ್ಟೆಲಿನಲ್ಲಿ ಮೂರು ವರ್ಷ ಒಂದೇ ಸೋಪಿನ ಡಬ್ಬಿ ಇಟ್ಟುಕೊಂಡಿದ್ದವಳಿಗೆ ‘ನೀವು’ ಎಂದು ಬರೆಯುವುದು ಕಷ್ಟ. ಆದರೆ ಏಪ್ರಿಲ್‌ನಲ್ಲಿ ವಿಚಾರಣೆಯ ಕೋಣೆಯಲ್ಲಿ ನೀವು ನನ್ನನ್ನು ‘ಆ ಪುಟ್ಟತಾಯಮ್ಮನವರು’ ಎಂದಿರಿ. ನಾನೂ ಮಾತಿಗೆ ಮಾತು ಕೊಟ್ಟೆ. ಆದ್ದರಿಂದ ‘ನೀವು’ ಹಾಗೇ ಇರಲಿ.

ಆ ಜಗಳದ ಬಗ್ಗೆ ಈ ಕಾಗದವಲ್ಲ. ಜನವರಿಯಲ್ಲಿ ನಮ್ಮೂರ ಆಲೆಮನೆಯ ಗಾಣಕ್ಕೆ ಕೈ ಸಿಕ್ಕಿದ ನಿಂಗರಾಜುವನ್ನು ನಿಮ್ಮ ಚೆನ್ನಾಜಮ್ಮ ಧರ್ಮಾಸ್ಪತ್ರೆಗೆ ಕಳಿಸಿದಾಗ, ನೋವಿನ ಇಂಜೆಕ್ಷನ್ ಕೊಟ್ಟಾಗಿದೆ, ನಾಲ್ಕು ಗಂಟೆಯವರೆಗೆ ಮತ್ತೆ ಕೊಡಬಾರದು ಎಂದು ಚೀಟಿ ಬರೆದು ಕಳಿಸಿದ್ದೆ ಎಂದು ನಾನು ಹೇಳಿದೆ. ಅಂಥ ಚೀಟಿ ಬರಲೇ ಇಲ್ಲ ಎಂದು ನೀವು ಹೇಳಿದಿರಿ. ನೀವು ಇನ್ನೊಮ್ಮೆ ಇಂಜೆಕ್ಷನ್ ಕೊಟ್ಟಿರಿ, ಹುಡುಗನ ಉಸಿರು ಕಟ್ಟಿತು. ಇಬ್ಬರಲ್ಲಿ ಒಬ್ಬಳು ಸುಳ್ಳು ಹೇಳುತ್ತಿದ್ದಾಳೆ ಎಂದು ನಿಮ್ಮ ಆಸ್ಪತ್ರೆಯ ಟ್ರಸ್ಟಿನವರು ತಿಳಿದರು. ಚೀಟಿ ಕಳಿಸಿದೆ ಎಂದು ನನ್ನ ರಿಜಿಸ್ಟರಿನಲ್ಲಿ ರುಜು ಇತ್ತು, ನಿಮ್ಮ ಕೈಯಲ್ಲಿ ಏನೂ ಇರಲಿಲ್ಲ. ಇದೆಲ್ಲ ನಮಗಿಬ್ಬರಿಗೂ ಗೊತ್ತಿರುವುದೇ.

ನನ್ನ ತಲೆಗೆ ಹೊಕ್ಕಿರುವ ಹುಳ ಬೇರೆ. ಮೊನ್ನೆ ಗೋಕುಲಾಷ್ಟಮಿಯ ಹಿಂದಿನ ದಿನ ಒಬ್ಬ ಬಸುರಿಯನ್ನು ಜೀಪಿಗೆ ಹತ್ತಿಸಿ ಕಳಿಸಿದೆ. ಜೀಪು ಕೆರೆ ಏರಿಯ ತಿರುವಿನಲ್ಲಿ ಮರೆಯಾಯಿತು. ಕೈ ತೊಳೆಯುತ್ತಾ ನಿಂತಾಗ ನನಗೆ ಹೊಳೆಯಿತು: ಹದಿನಾಲ್ಕು ವರ್ಷದಿಂದ ಹೀಗೆ ಕಳಿಸುತ್ತಿದ್ದೇನೆ, ಆ ತಿರುವಿನ ಆಚೆಗೆ ಏನಾಗುತ್ತದೆಂದು ನಿಂಗರಾಜುವಿನದು ಬಿಟ್ಟರೆ ನನಗೆ ಒಂದು ಸಲವೂ ತಿಳಿದಿಲ್ಲ. ಬದುಕಿದವರು ನೆಟ್ಟಗೆ ಮನೆಗೆ ಹೋಗುತ್ತಾರೆ. ಸತ್ತವರ ಮನೆಯವರು ನಮ್ಮ ಕಡೆ ಮುಖ ಹಾಕುವುದಿಲ್ಲ. ಕಾಗದ ಪೋಸ್ಟಿಗೆ ಹಾಕಿದವರಿಗಾದರೂ ಒಂದು ದಿನ ಉತ್ತರ ಬರುತ್ತದೆ.

ಈ ವರ್ಷ ನಿಮ್ಮಲ್ಲಿಗೆ ಕಳಿಸಿದ ಹನ್ನೊಂದು ಜನರ ಹೆಸರು, ದಿನ, ಇಲ್ಲಿಂದ ಹೊರಟ ಹೊತ್ತು ಎಲ್ಲ ಹಿಂದಿನ ಹಾಳೆಯಲ್ಲಿದೆ. ಅವರು ಏನಾದರು? ಎಷ್ಟು ಹೊತ್ತಿಗೆ ತಲುಪಿದರು? ಇಷ್ಟು ತಿಳಿಸಿದರೆ ಸಾಕು, ಬೇರೆ ಏನೂ ಬರೆಯಬೇಕಿಲ್ಲ. ನಿಮ್ಮನ್ನು ತುರ್ತು ವಾರ್ಡಿನಿಂದ ತೆಗೆದು ಬಟ್ಟೆ ಉಗ್ರಾಣಕ್ಕೆ ಹಾಕಿದ್ದಾರೆಂದು ಕೇಳಿದೆ. ವಾರ್ಡಿನ ದಪ್ಪ ಪುಸ್ತಕ ನೋಡಲು ನಿಮ್ಮನ್ನು ಇನ್ನೂ ಬಿಡುತ್ತಾರಾದರೆ ನೋಡಿ.

ಇಂತಿ,
ಪುಟ್ಟತಾಯಮ್ಮ, ಸ್ಟಾಫ್ ನರ್ಸ್


ಶ್ರೀರಂಗಪಟ್ಟಣ
೩೦ ಸೆಪ್ಟೆಂಬರ್ ೧೯೯೬

ಸಿಸ್ಟರ್ ಪುಟ್ಟತಾಯಮ್ಮನವರಿಗೆ,

ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೆ ಎಂದು ಐದು ತಿಂಗಳು ಕಾದೆ. ಬಂದಿರಿ. ಕ್ಷಮೆ ಕೇಳಲು ಬಂದಿರೆಂದುಕೊಂಡು ಕವರು ಒಡೆದೆ, ನೋಡಿದರೆ ಹನ್ನೊಂದು ಜನರ ಪಟ್ಟಿ. ನಾಗಮಂಗಲದ ಕುಲುಮೆಯ ಮುಂದೆ ಹುಟ್ಟಿ ಬೆಳೆದವಳು ನಾನು, ಬಿಸಿ ತಡೆದುಕೊಳ್ಳುವುದು ಗೊತ್ತು. ಆದರೂ ಆ ದಿನ ಕಾಗದ ಮಡಿಸಿ ಹಾಸಿಗೆ ಹೊದಿಕೆಗಳ ಮಧ್ಯೆ ತುರುಕಿಬಿಟ್ಟೆ.

ಒಂದು ವಾರ ಬಿಟ್ಟು ತೆಗೆದೆ. ಯಾಕೆ ಎಂದರೆ, ನನಗೂ ಗೊತ್ತಿರಲಿಲ್ಲ. ನಮ್ಮ ವಾರ್ಡಿಗೆ ಬರುವವರು ಎಲ್ಲಿಂದ ಬರುತ್ತಾರೆ, ಅಲ್ಲಿ ಅವರಿಗೆ ಯಾರು ಏನು ಮಾಡಿದರು ಎಂದು ನಾನೂ ಎಂದೂ ಯೋಚಿಸಿದವಳಲ್ಲ. ನಮ್ಮ ಪಾಲಿಗೆ ರೋಗಿ ಬಾಗಿಲಲ್ಲಿ ಹುಟ್ಟುತ್ತಾನೆ.

ಏಳು ಜನ ನಡೆದುಕೊಂಡು ಮನೆಗೆ ಹೋಗಿದ್ದಾರೆ. ನಿಮ್ಮ ಬಸುರಿಯೂ ಅವರಲ್ಲಿ ಒಬ್ಬಳು, ಗಂಡು ಮಗು. ಒಬ್ಬರನ್ನು ನಾವೇ ಮುಂದೆ ಮೈಸೂರಿಗೆ ಕಳಿಸಿದೆವು, ನಿಮ್ಮ ಹಾಗೆಯೇ ನಮಗೂ ಆಮೇಲಿನ ಸುದ್ದಿ ಇಲ್ಲ. ನಿಂಗರಾಜುವನ್ನು ಸೇರಿಸಿ ಮೂವರು ತೀರಿಕೊಂಡರು. ಜೀಪು ಒಂದೂಮುಕ್ಕಾಲು ಗಂಟೆಗೆ ಕಡಿಮೆ ಎಂದೂ ಬಂದಿಲ್ಲ.

ಕೇಳದೆ ಇದ್ದರೂ ಇನ್ನೊಂದು ವಿಷಯ ಬರೆಯುತ್ತೇನೆ. ಚೀಟಿ ಬಂದರೆ ಅದನ್ನು ಕೇಸು ಹಾಳೆಗೆ ಪಿನ್ನು ಹೊಡೆಯುವುದು ನಮ್ಮಲ್ಲಿ ಪದ್ಧತಿ. ಹನ್ನೊಂದೂ ಕೇಸು ತೆಗೆದು ನೋಡಿದೆ. ಪಿನ್ನು ಇರುವುದು ಮೂರಕ್ಕೆ ಮಾತ್ರ. ಒಬ್ಬ ಸೇಲಂ ಕಡೆಯ ಲಾರಿ ಕ್ಲೀನರು, ರಸ್ತೆ ಬದಿಯಲ್ಲಿ ಬಿದ್ದಿದ್ದವನು. ಎರಡನೆಯವಳು ಹಾವು ಕಚ್ಚಿದ ಚಿಕ್ಕಬೋರಮ್ಮ. ಮೂರನೆಯವರು ಎದೆನೋವಿನ ರಿಟೈರ್ಡ್ ಮೇಷ್ಟರು, ತಮ್ಮ ಚೀಟಿಯನ್ನು ತಾವೇ ಕನ್ನಡಕದ ಡಬ್ಬಿಯಲ್ಲಿ ಇಟ್ಟುಕೊಂಡು ಬಂದಿದ್ದರಂತೆ.

ಉಳಿದ ಎಂಟು ಜನಕ್ಕೆ ಚೀಟಿ ಇಲ್ಲ. ನಿಂಗರಾಜುವಿಗೂ ಇಲ್ಲ. ನಾನು ಏಪ್ರಿಲ್‌ನಲ್ಲಿ ಹೇಳಿದ್ದೂ ಅದನ್ನೇ.

ಮಂಗಳಮ್ಮ


ಆಲದಕೊಪ್ಪಲು
೧೪ ಅಕ್ಟೋಬರ್ ೧೯೯೬

ಮಂಗಳಮ್ಮನವರಿಗೆ,

ನಿಮ್ಮ ಕಾಗದವನ್ನು ನಾಲ್ಕು ಸಲ ಓದಿದೆ. ಏಳು ಜನ ಬದುಕಿದ್ದಾರೆ ಎಂಬ ಕಡೆ ಅತ್ತೆ. ಆಮೇಲೆ ಆ ಮೂರು ಪಿನ್ನುಗಳ ಹಿಂದೆ ಬಿದ್ದೆ.

ಹನ್ನೊಂದು ಚೀಟಿಯನ್ನೂ ಬರೆದವಳು ನಾನೇ, ಅದರಲ್ಲಿ ಅನುಮಾನವಿಲ್ಲ, ಅಡಿಪ್ರತಿ ನನ್ನಲ್ಲಿದೆ. ಹಾಗಾದರೆ ಮೂರು ಮಾತ್ರ ಯಾಕೆ ತಲುಪಿದವು? ಲಾರಿ ಕ್ಲೀನರಿಗೆ ಈ ಸೀಮೆಯಲ್ಲಿ ಯಾರೂ ಇಲ್ಲ. ಚಿಕ್ಕಬೋರಮ್ಮ ಮಕ್ಕಳಿಲ್ಲದ ವಿಧವೆ. ಮೇಷ್ಟರ ಹೆಂಡತಿ ಮಗಳ ಬಾಣಂತನಕ್ಕೆ ಹೋಗಿದ್ದರು. ಹಿಂದೆ ಮುಂದೆ ಯಾರೂ ಇಲ್ಲದವರ ಚೀಟಿ ಮಾತ್ರ ತಲುಪಿದೆ. ನೆಂಟರು ಇಷ್ಟರು ಜೀಪು ತುಂಬ ಬಂದವರ ಚೀಟಿ ಒಂದೂ ತಲುಪಿಲ್ಲ. ಇದೆಂಥ ವಿಚಿತ್ರ ನೋಡಿ. ಮೂರು ದಿನ ಊಟ ಮಾಡುವಾಗಲೂ ಇದೇ ಯೋಚನೆ, ನಮ್ಮ ಯಜಮಾನರು ಸಾರಿಗೆ ಉಪ್ಪು ಹಾಕಿಲ್ಲ ಎಂದು ಎರಡು ದಿನ ಹೇಳಿದರು.

ಕೊನೆಗೆ ನಾನೇ ಜೀಪು ಹತ್ತಿದೆ. ಕಳೆದ ಮಂಗಳವಾರ, ಹೊಟ್ಟೆನೋವಿನಿಂದ ನೀಲಿಗಟ್ಟಿದ್ದ ಮಾದಮ್ಮ ಎಂಬ ಹೆಂಗಸನ್ನು ಕಳಿಸುವಾಗ ಡಾಕ್ಟರಿಗೆ ಹೇಳಿ ಜೊತೆಗೆ ಹೊರಟೆ. ಮಾದಮ್ಮನನ್ನು ಮಲಗಿಸಿದೆವು, ಅವಳ ಅಕ್ಕ ಮತ್ತು ನಾದಿನಿ ಕಾಲ ಹತ್ತಿರ ಕುಳಿತರು. ಚೀಟಿ ಬರೆದು ಸೀಲು ಹೊಡೆದು ತಂದೆ. ಆಗ ಮಂಗಳಮ್ಮನವರೇ, ನನ್ನ ಕೈಯನ್ನು ನಾನೇ ನೋಡಿದೆ. ಜೀಪಿನಲ್ಲಿದ್ದ ಇಬ್ಬರು ಹೆಂಗಸರನ್ನು ದಾಟಿ, ಹೊರಗೆ ನಿಂತಿದ್ದ ಅವಳ ಮಾವನ ಕಡೆಗೆ ನನ್ನ ಕೈ ತಾನಾಗಿ ಚಾಚಿತು. ಸೀಲಿರುವ ಕಾಗದ ಮನೆಯ ಯಜಮಾನನ ಕೈಗೇ ಹೋಗಬೇಕು ಎಂದು ನನಗೆ ಯಾರೂ ಕಲಿಸಿಲ್ಲ. ಅವನೂ ಅದು ತನಗೆ ಬರಬೇಕಾದದ್ದೇ ಎನ್ನುವಂತೆ ತೆಗೆದುಕೊಂಡು, ನಾಲ್ಕು ಮಡಿಕೆ ಮಾಡಿ, ಅಂಗಿಯ ಒಳಜೇಬಿನಲ್ಲಿ ಇಟ್ಟುಕೊಂಡ. ಜೀಪಿನಲ್ಲಿ ಜಾಗವಿಲ್ಲ. ಹಿಂದೆ ಬಸ್ಸಿಗೆ ಬರುತ್ತೇನೆ ಎಂದು ಕೈ ಎತ್ತಿದ.

ನಾನು ಬಾಯಿ ಬಿಡಲಿಲ್ಲ. ಏನಾಗುತ್ತದೆ ನೋಡಬೇಕಿತ್ತು. ಹೇಳುವುದನ್ನೆಲ್ಲ ಹೇಳಲು ನಾನೇ ಜೊತೆಗಿದ್ದೇನಲ್ಲ ಎಂಬ ಧೈರ್ಯ. ಪಾಂಡವಪುರ ದಾಟಿ ನಿಮ್ಮ ಆಸ್ಪತ್ರೆಗೆ ಬಂದೆವು. ನಿಮ್ಮ ಜಾಗಕ್ಕೆ ಬಂದಿರುವ ಹೊಸ ಸಿಸ್ಟರು ಕೇಳಿದರು, ಅಲ್ಲಿ ಏನು ಕೊಟ್ಟಿದ್ದಾರೆ? ಅಕ್ಕ ನಾದಿನಿಯ ಮುಖ ನೋಡಿದಳು, ನಾದಿನಿ ನೆಲ ನೋಡಿದಳು. ಆಗ ನಾನು ಬಾಯಿಬಿಟ್ಟೆ. ಮಾವ ಬಂದದ್ದು ನಾವು ತಲುಪಿ ನಾಲ್ಕು ಗಂಟೆ ಕಳೆದ ಮೇಲೆ, ಸ್ನಾನ ಮಾಡಿ, ಒಗೆದ ಪಂಚೆ ಉಟ್ಟು. ಯಾಕೆ ತಡವಾಯಿತು ಎಂದು ಕೇಳಿದರೆ ಅವನಿಗೇ ಆಶ್ಚರ್ಯ. “ಸರ್ಕಾರಿ ಕಾಗ್ದ ಇಟ್ಕಂಡು ಗದ್ದೆ ಬಟ್ಟೇಲಿ ಬರಕ್ಕಾಯ್ತದಾ?” ಎಂದ. ಚೀಟಿ ಮಾತ್ರ ಒಂದು ಕಲೆಯೂ ಇಲ್ಲದೆ ಜೋಪಾನವಾಗಿತ್ತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ, ಇಲ್ಲಿ ಪೂಜಾರಿ ವರವನ್ನು ಮಡಿಸಿ ಒಳಜೇಬಿನಲ್ಲಿಟ್ಟು ಕಾಪಾಡುತ್ತಾನೆ. ಮಾದಮ್ಮನಿಗೆ ಆಪರೇಷನ್ ಆಗಿ ಈಗ ಗಂಜಿ ಕುಡಿಯುತ್ತಿದ್ದಾಳೆ.

ನಿಮ್ಮನ್ನು ನೋಡಲು ಉಗ್ರಾಣದ ಬಾಗಿಲವರೆಗೆ ಬಂದಿದ್ದೆ. ನೀವು ಬೆನ್ನು ಮಾಡಿ ಹೊದಿಕೆ ಮಡಿಸುತ್ತಿದ್ದಿರಿ. ಕರೆಯಲಿಲ್ಲ.

ಇನ್ನು ನಿಂಗರಾಜು. ಅವನ ಚೀಟಿಯನ್ನು ಯಾರ ಕೈಗೆ ಕೊಟ್ಟೆ ಎಂದು ನೆನಪಿಲ್ಲ ಎಂದು ಬರೆಯಬೇಕೆನಿಸುತ್ತಿದೆ. ನೆನಪಿದೆ. ಅವನ ಅಪ್ಪ ನಂಜಪ್ಪನ ಕೈಗೆ. ನಂಜಪ್ಪ ಜೀಪು ಹತ್ತಲಿಲ್ಲ, ತಾಯಿ ಕುಳ್ಳಮ್ಮ ಹತ್ತಿದಳು. ರಿಜಿಸ್ಟರಿನಲ್ಲಿ ‘ಚೀಟಿಯನ್ನು ರೋಗಿಯ ಜೊತೆ ಕಳಿಸಿದೆ’ ಎಂದು ಬರೆದು ರುಜು ಹಾಕಿದ್ದೇನೆ. ಹದಿನಾಲ್ಕು ವರ್ಷದಿಂದ ಪ್ರತಿ ಸಲವೂ ಹಾಗೇ ಬರೆದಿದ್ದೇನೆ. ಅದು ಸುಳ್ಳು ಎಂದು ನನಗೆ ಈ ಮಂಗಳವಾರದವರೆಗೆ ಗೊತ್ತಿರಲಿಲ್ಲ.

ಪುಟ್ಟತಾಯಮ್ಮ


ಶ್ರೀರಂಗಪಟ್ಟಣ
೨೮ ನವೆಂಬರ್ ೧೯೯೬

ಪುಟ್ಟತಾಯಮ್ಮ,

ಇನ್ನು ನಿನ್ನನ್ನು ‘ನೀವು’ ಎನ್ನಲಾರೆ, ಸಿಟ್ಟಿನಲ್ಲಿ ಅದು ಬರುವುದಿಲ್ಲ.

ಹತ್ತು ತಿಂಗಳು. ಅವತ್ತು ಕುಳ್ಳಮ್ಮನನ್ನು ನಾನು ಎರಡು ಸಲ ಕೇಳಿದೆ, ಅಲ್ಲಿ ಏನಾದರೂ ಸೂಜಿ ಹಾಕಿದರಾ ಎಂದು. “ಏನೂ ಮಾಡ್ನಿಲ್ಲ ಕಣವ್ವ, ಬಟ್ಟೆ ಸುತ್ತಿ ಕಳ್ಸ್‌ಬುಟ್ರು” ಎಂದಳು. ಸೂಜಿ ಹಾಕುವಾಗ ನಿಮ್ಮ ಕೇಂದ್ರದವರು ಅವಳನ್ನು ಹೊರಗೆ ನಿಲ್ಲಿಸಿದ್ದರು ಎಂದು ಆಮೇಲೆ ತಿಳಿಯಿತು. ಅವಳ ಮಾತನ್ನು ಡಾಕ್ಟರಿಗೆ ದಾಟಿಸಿದೆ, ಅವರು ಹೇಳಿದ ಇಂಜೆಕ್ಷನ್ ಕೊಟ್ಟೆ. ಉಸಿರು ನಿಂತಾಗ ಗಾಳಿಚೀಲ ಹಿಡಿದು ದೀಪ ಹಚ್ಚುವ ಹೊತ್ತಿನವರೆಗೆ ಒತ್ತಿದೆ, ಬೆರಳು ಮಡಿಸಲಾಗದಷ್ಟು ಒತ್ತಿದೆ. ಆಮೇಲೆ ವಿಚಾರಣೆಯಲ್ಲಿ ನಿನ್ನ ರುಜು ತೋರಿಸಿ, ಈ ಚೀಟಿಯನ್ನು ಎಲ್ಲಿ ಹಾಕಿದೆ ಎಂದು ಕೇಳಿದರು. ಕಸದ ಬುಟ್ಟಿಯಲ್ಲಿ ಹುಡುಕಿಸಿದರು. ನನ್ನ ಮನೆಯ ಕೈಚೀಲ ಬಿಚ್ಚಿಸಿದರು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ. ನಿನಗೆ ಈಗ ಕುತೂಹಲ ಬಂತಲ್ಲ, ಅಷ್ಟಾದರೂ ಆಯಿತು.

ಟ್ರಸ್ಟಿನ ಕೊನೆಯ ಸಭೆ ಮಾರ್ಚ್ ಮೂರಕ್ಕೆ. ಅವತ್ತು ನನ್ನ ಕೆಲಸ ಇರುತ್ತದೆ ಅಥವಾ ಹೋಗುತ್ತದೆ. ಹೋದರೆ ‘ಸಾವಿಗೆ ಕಾರಣಳಾಗಿ ದಾಖಲೆ ಮುಚ್ಚಿಟ್ಟವಳು’ ಎಂಬ ಹೆಸರಿನ ಜೊತೆ ಹೋಗುತ್ತದೆ, ಆಮೇಲೆ ಯಾವ ಆಸ್ಪತ್ರೆಯೂ ಸೇರಿಸುವುದಿಲ್ಲ. ಈ ಕೆಲಸ ಬಿಟ್ಟರೆ ನನಗೆ ಏನೂ ಬರುವುದಿಲ್ಲ ಎಂದು ನಿನಗೆ ಗೊತ್ತು, ಚಪಾತಿ ಲಟ್ಟಿಸಲೂ ಬರುವುದಿಲ್ಲ.

ಆ ಚೀಟಿ ನಂಜಪ್ಪನ ಹತ್ತಿರ ಇದ್ದರೆ ನನಗೆ ಬೇಕು. ಹೋಗಿ ತೆಗೆದುಕೊಂಡು ಬಾ.

ಮಂಗಳಾ


ಆಲದಕೊಪ್ಪಲು
೫ ಜನವರಿ ೧೯೯೭

ಮಂಗಳಾ,

ಬೈಸಿಕೊಂಡ ಮೇಲೆ ಮೈ ಹಗುರವಾಯಿತು ಎಂದರೆ ಇನ್ನೂ ಬೈಯುತ್ತೀಯ.

ಮೊದಲು ಇಲ್ಲಿಯ ಸುದ್ದಿ. ಚೀಟಿ ಬಿಟ್ಟುಬಿಟ್ಟೆ. ಕೊಟ್ಟ ಔಷಧಿ, ಕೊಟ್ಟ ಹೊತ್ತು, ರಕ್ತ ನಿಲ್ಲಿಸಲು ಕಟ್ಟಿದ್ದರೆ ಕಟ್ಟಿದ ಹೊತ್ತು, ಇಷ್ಟನ್ನು ಅಗಲ ಪ್ಲಾಸ್ಟರಿನ ಮೇಲೆ ಬರೆದು ರೋಗಿಯ ಎದೆಗೇ ಅಂಟಿಸಲು ಶುರು ಮಾಡಿದೆ. ಮೊದಲ ರೋಗಿಗೆ ಸರಿಹೋಯಿತು. ಎರಡನೆಯ ರೋಗಿಯ ದೊಡ್ಡಪ್ಪ ಜೀಪು ಹೊರಡುವ ಮುಂಚೆ ಪ್ಲಾಸ್ಟರನ್ನು ಮೆಲ್ಲಗೆ ಕಿತ್ತು, ಹರಿಯದ ಹಾಗೆ ತನ್ನ ವೋಟಿನ ಗುರುತಿನ ಚೀಟಿಯ ಹಿಂದೆ ಅಂಟಿಸಿಕೊಂಡ. “ಬೆವರಿಗೆ ಕಿತ್ಕಂಡ್ ಬುದ್ರೆ ಏನವ್ವ ಮಾಡಾದು, ನನ್ತಾವಿದ್ರೆ ಭದ್ರ” ಎಂದ. ನಗಬೇಕೋ ಅಳಬೇಕೋ ತಿಳಿಯದೆ ಬೆಂಚಿನ ಮೇಲೆ ಕುಳಿತುಬಿಟ್ಟೆ. ಈಗ ಬಾಯಿಹುಣ್ಣಿಗೆ ಹಚ್ಚುವ ನೀಲಿ ಔಷಧಿಯಲ್ಲಿ ಹತ್ತಿಕಡ್ಡಿ ಅದ್ದಿ ಮೈಮೇಲೆಯೇ ಬರೆಯುತ್ತೇನೆ. ವಾರ ಕಳೆದರೂ ಹೋಗುವುದಿಲ್ಲ. ಅದನ್ನು ಯಾವ ಯಜಮಾನನೂ ಮಡಿಸಿ ಜೇಬಿಗೆ ಹಾಕಿಕೊಳ್ಳಲಾರ. ನಮ್ಮ ಡಾಕ್ಟರು ಮೊದಲು ಇದೇನು ಕುರಿಗೆ ಹಾಕುವ ಗುರುತಾ ಎಂದರು, ಆಮೇಲೆ ತಾವೇ ಬಾಟಲಿ ತರಿಸಿಕೊಟ್ಟರು. ಡ್ರೈವರು ದ್ಯಾವಯ್ಯನಿಗೂ ಹೇಳಿದ್ದೇನೆ. ನಿಮ್ಮ ಬಾಗಿಲಿಗೆ ಬಂದ ತಕ್ಷಣ “ಎದೆ ಓದ್ಕಳಿ” ಎಂದು ಕೂಗುವುದು ಅವನ ಕೆಲಸ.

ಇಷ್ಟುದ್ದ ಬರೆದದ್ದು ಯಾಕೆ ಎಂದು ನಿನಗೆ ಅರ್ಥವಾಗಿರುತ್ತದೆ. ನಂಜಪ್ಪನ ಮನೆಗೆ ಹೋಗಿಲ್ಲ.

ಎರಡು ಸಲ ಹೊರಟೆ. ಅವರ ಮನೆ ಗೋವಿಂದನಹಳ್ಳಿ ದಾರಿಯಲ್ಲಿ. ಒಂದು ಸಲ ಅವರ ಕಣದವರೆಗೂ ಹೋಗಿದ್ದೆ. ನಂಜಪ್ಪ ಹಸುವಿಗೆ ಹುಲ್ಲು ಹಾಕುತ್ತಿದ್ದ. ಆ ಚೀಟಿ ಕೊಡು ಎಂದು ಹೇಗೆ ಕೇಳಲಿ? ಯಾಕವ್ವ ಎಂದರೆ ಏನು ಹೇಳಲಿ? ನಿನ್ನ ಜೇಬಿನಲ್ಲಿದ್ದ ಕಾಗದ ನಿನ್ನ ಮಗನ ಜೊತೆ ಹೋಗಿದ್ದರೆ ಅವನು ಇವತ್ತು ಒಂದು ಕೈಯಲ್ಲಾದರೂ ಈ ಹುಲ್ಲು ಹಾಕುತ್ತಿದ್ದ ಎಂದು ಹೇಳಲೆ? ಓದು ಬಾರದ ಮನುಷ್ಯ. ಅದರಲ್ಲಿ ಏನಿದೆ ಎಂದು ತಿಳಿಯದೆ ಒಂದು ವರ್ಷ ಬದುಕಿದ್ದಾನೆ. ನಿಂಗರಾಜುವಿನ ಹೆಂಡತಿ ರಂಜಿತ, ಮೊಮ್ಮಗು, ಕುಳ್ಳಮ್ಮ, ಎಲ್ಲರೂ ಅವನ ಮುಖ ನೋಡಿಕೊಂಡು ಇದ್ದಾರೆ. ತಪ್ಪು ಕೈಗೆ ಕೊಟ್ಟವಳು ನಾನು, ಪಾಪದ ಗಂಟು ಅವನ ತಲೆಯ ಮೇಲೆ ಯಾಕೆ ಇಳಿಸಲಿ? ಹುಲ್ಲಿನ ಹೊರೆ ಇಳಿಸುವುದನ್ನು ನೋಡಿ ವಾಪಸು ಬಂದೆ.

ನನ್ನ ಹೇಳಿಕೆಯನ್ನು ತಿದ್ದಿ ಬರೆದುಕೊಡುತ್ತೇನೆ, ಮೇಲಿನವರು ಏನು ಮಾಡಿದರೂ ಮಾಡಲಿ. ಅಷ್ಟು ಸಾಲುವುದಿಲ್ಲವೆ?

ಪುಟ್ಟಿ


ಶ್ರೀರಂಗಪಟ್ಟಣ
೧೬ ಜನವರಿ ೧೯೯೭

ಪುಟ್ಟಿ,

ಸಾಲುವುದಿಲ್ಲ. ಹಳೆಯ ಗೆಳತಿಗಾಗಿ ಮಾತು ಬದಲಾಯಿಸಿದಳು ಎನ್ನುತ್ತಾರೆ. ಟ್ರಸ್ಟಿನ ವಕೀಲರು ನಿನ್ನನ್ನೂ ನನ್ನನ್ನೂ ಒಂದೇ ಚೀಲಕ್ಕೆ ತುಂಬುತ್ತಾರೆ. ಕಾಗದವೇ ಬೇಕು.

ಜೀಪು ತಿರುವಿನಲ್ಲಿ ಮರೆಯಾದ ಮೇಲೆ ಏನಾಗುತ್ತದೆ ಎಂದು ಕೇಳಿದವಳು ನೀನು. ನಿನ್ನ ಕುತೂಹಲ ನಂಜಪ್ಪನ ಬಾಗಿಲವರೆಗೆ ಬಂದು ನಿಂತುಹೋಯಿತು. ಅವನ ಮನಸ್ಸಿನಲ್ಲಿ ಏನಿದೆ ಎಂದು ಅವನನ್ನು ಕೇಳದೆಯೇ ನೀನು ಹೇಗೆ ತಿಳಿದೆ? ನಾನೂ ಕುಳ್ಳಮ್ಮನ ಮಾತನ್ನು ಹಾಗೇ ನಂಬಿದ್ದು.

ನಿನ್ನ ನೀಲಿ ಅಕ್ಷರದ ರೋಗಿ ಶನಿವಾರ ಬಂದಳು, ಕೆ.ಆರ್. ಪೇಟೆ ಕಡೆಯ ಬಾಣಂತಿ, ಮೈಯಲ್ಲಿ ರಕ್ತವೇ ಇರಲಿಲ್ಲ. ದ್ಯಾವಯ್ಯ ಕೂಗಿದ. ಹೊಸ ಸಿಸ್ಟರು ಸೆರಗು ಸರಿಸಿ ನೋಡಿ ಮೊದಲು ನಕ್ಕಳಂತೆ. ಆಮೇಲೆ ಓದಿ, ಗರ್ಭ ಬಿಗಿಯಾಗಿಸುವ ಸೂಜಿ ಅಲ್ಲೇ ಆಗಿದೆ, ರಕ್ತ ಮಾತ್ರ ಬೇಕು ಎಂದು ತಿಳಿದು ನೇರ ಬಾಟಲಿ ಏರಿಸಿದಳು. ಅರ್ಧ ಗಂಟೆ ಉಳಿಯಿತು. ಅವಳು ಉಳಿದಳು. ಅವಳ ಹೊದಿಕೆಯನ್ನು ನಾನೇ ಕೊಟ್ಟು ಬಂದೆ, ನಿನ್ನ ಕೋಳಿಕಾಲಿನ ಅಕ್ಷರವನ್ನು ಎದೆಯ ಮೇಲೆ ನೋಡಿದೆ.

ಮಂಗಳಾ


ಆಲದಕೊಪ್ಪಲು
೨ ಫೆಬ್ರವರಿ ೧೯೯೭

ಮಂಗಳಾ,

ಹೋಗಿದ್ದೆ. ನಿನ್ನೆ ಮಧ್ಯಾಹ್ನ.

ನಂಜಪ್ಪ ಜಗಲಿಯಲ್ಲಿ ಹಗ್ಗ ಹೊಸೆಯುತ್ತಿದ್ದ. ನಾನು ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದ ಮಾತೆಲ್ಲ ಅಲ್ಲಿ ಹಾರಿಹೋಯಿತು. ರಂಜಿತ ನೀರು ತಂದಿಟ್ಟಳು. ಕುಡಿದು, ಅವತ್ತು ನಿಮ್ಮ ಕೈಗೆ ಒಂದು ಚೀಟಿ ಕೊಟ್ಟಿದ್ದೆನಲ್ಲ ಎಂದೆ. ಅಷ್ಟೇ ಹೇಳಿದ್ದು.

ಅವನು ಹಗ್ಗ ಕೆಳಗಿಟ್ಟು ಒಳಗೆ ಹೋದ. ಹೊಲದ ಪತ್ರಗಳನ್ನು ಇಡುವ ತಗಡಿನ ಪೆಟ್ಟಿಗೆ ತಂದು, ಎಲ್ಲಕ್ಕಿಂತ ಮೇಲಿದ್ದ ಕಾಗದ ತೆಗೆದ. ನನ್ನ ಅಕ್ಷರ, ನಮ್ಮ ಸೀಲು. ಹುಡುಕಬೇಕಾಗಲೇ ಇಲ್ಲ. ಕೈಯಲ್ಲಿ ಹಿಡಿದುಕೊಂಡೇ ಹೇಳಿದ.

“ತಿಥಿ ಆದ್ಮೇಲೆ ಸೊಸೆ ಕೈಲಿ ಓದಿಸ್ದೆ ಕಣವ್ವ. ಎರಡ್ನೇ ಸೂಜಿ ಹಾಕ್ಬ್ಯಾಡಿ ಅಂತ ಬರ್ದಿತ್ತು. ಯಾರಾರ ಬಂದು ಕೇಳ್ತಾರೆ, ಕೇಳುದ್ರೆ ಯೋಳ್ಬುಡವ ಅಂತ ಮೇಲೇ ಮಡಗಿವ್ನಿ. ಒಂದೊರ್ಸ ಆಯ್ತು, ಒಬ್ರೂ ಕೇಳ್ನಿಲ್ಲ.”

ಗೊತ್ತಿಲ್ಲದವನು ಎಂದು ನಾನು ಕಾಪಾಡುತ್ತಿದ್ದವನು ವರ್ಷವಿಡೀ ಒಬ್ಬನೇ ಅದನ್ನು ನುಂಗಿಕೊಂಡಿದ್ದ. ರಂಜಿತ ಬಾಗಿಲಿಗೆ ಒರಗಿ ನಿಂತಿದ್ದಳು. ಅವಳು ಓದಿ ಹೇಳಿದ ದಿನದಿಂದ ಮಾವ ಸೊಸೆ ಅದರ ಬಗ್ಗೆ ಮತ್ತೆ ಮಾತಾಡಿಲ್ಲವಂತೆ. ಕುಳ್ಳಮ್ಮನಿಗೆ ಇಬ್ಬರೂ ಹೇಳಿಲ್ಲ. ಏನೂ ಕೊಟ್ಟಿಲ್ಲ ಎಂದು ಅಲ್ಲಿ ಹೇಳಿದವಳು ಅವಳೇ, ಕೇಳಿದರೆ ಎದೆ ಒಡೆದುಕೊಳ್ಳುತ್ತಾಳೆ ಎಂದು.

ನಾನು ಅವನ ಮುಂದೆ ಕುಳಿತು ಎಲ್ಲ ಹೇಳಿದೆ. ತಪ್ಪು ಚೀಟಿ ಹಿಡಿದುಕೊಂಡವನದಲ್ಲ, ಜೀಪಿನಲ್ಲಿದ್ದವರಿಗೆ ಕೊಡದ ನನ್ನದು ಎಂದೆ. ರಿಜಿಸ್ಟರಿನ ವಿಷಯ ಹೇಳಿದೆ, ನಿನ್ನ ವಿಷಯ ಹೇಳಿದೆ, ಬಟ್ಟೆ ಉಗ್ರಾಣ ಹೇಳಿದೆ. ನಿನ್ನ ಕೈಚೀಲ ಬಿಚ್ಚಿಸಿದ್ದನ್ನು ಕೇಳಿ ಅವನು ತಲೆಯ ಮೇಲಿನ ಟವೆಲು ತೆಗೆದು ತೊಡೆಯ ಮೇಲೆ ಇಟ್ಟುಕೊಂಡ. ಚೀಟಿ ಕೊಡಿ, ನಾನು ಕಳಿಸುತ್ತೇನೆ ಎಂದು ಕೈ ಚಾಚಿದೆ. ಕೊಡಲಿಲ್ಲ. ಇದು ನಿಂಗನ ಜೊತೆ ಹೋಗಬೇಕಿದ್ದ ಕಾಗದ, ಹೋಗಲಿಲ್ಲ, ಈ ಸಲ ನಾನೇ ಒಯ್ಯುತ್ತೇನೆ ಎಂದ. ಕುಳ್ಳಮ್ಮನನ್ನೂ ಕರೆದುಕೊಂಡು ಬರುತ್ತೇನೆ, ದಾರಿಯಲ್ಲಿ ಅವಳಿಗೆ ಹೇಳುತ್ತೇನೆ ಎಂದ.

ಮಾರ್ಚ್ ಮೂರಕ್ಕೆ ಬರುತ್ತಾರೆ. ತಿದ್ದಿ ಬರೆದ ನನ್ನ ಹೇಳಿಕೆ ಇದರ ಜೊತೆ ಇದೆ, ಒಂದು ಪ್ರತಿ ನಮ್ಮ ಮೇಲಧಿಕಾರಿಗೂ ಹೋಗಿದೆ. ನೋಟೀಸು ಬರುತ್ತದೆ, ಬರಲಿ. ಅವತ್ತು ನನಗೆ ರಜೆ ಕೊಟ್ಟಿಲ್ಲ. ಕೊಟ್ಟಿದ್ದರೂ ಆ ಕೋಣೆಯಲ್ಲಿ ನಿಮ್ಮೆಲ್ಲರ ಮುಖ ನೋಡುವ ಧೈರ್ಯ ಇತ್ತೋ ಇಲ್ಲವೋ. ಏನಾಯಿತು ಎಂದು ಒಂದೂ ಬಿಡದೆ ಬರೆ.

ಪುಟ್ಟಿ


ಶ್ರೀರಂಗಪಟ್ಟಣ
೫ ಮಾರ್ಚ್ ೧೯೯೭

ಪುಟ್ಟಿ,

ಒಂದೂ ಬಿಡದೆ ಬರೆಯುತ್ತೇನೆ.

ನಂಜಪ್ಪ ಬೆಳಿಗ್ಗೆ ಒಂಬತ್ತಕ್ಕೇ ಬಂದು ಮೆಟ್ಟಿಲ ಮೇಲೆ ಕುಳಿತಿದ್ದ. ಕುಳ್ಳಮ್ಮ ಅಂಗಳದ ಬೇವಿನ ಮರದ ಕೆಳಗೆ, ನನ್ನ ಕಡೆ ನೋಡಲಿಲ್ಲ. ಸಭೆಯಲ್ಲಿ ಅವನನ್ನು ಕುರ್ಚಿಯ ಮೇಲೆ ಕೂರಿಸಿದರು. ಚೀಟಿಯನ್ನು ಮೇಜಿನ ಮೇಲಿಟ್ಟು, ಇದು ನನ್ನ ಕೈಯಲ್ಲೇ ಇತ್ತು, ಈ ಅವ್ವನದು ತಪ್ಪಿಲ್ಲ ಎಂದು ಎರಡೇ ಮಾತು ಹೇಳಿದ. ನಿನ್ನ ಹೇಳಿಕೆ ಓದಿದರು. ವಕೀಲರು ಕೇಳಲು ಏನೂ ಉಳಿಯಲಿಲ್ಲ.

ಅಲ್ಲಿಗೆ ಮುಗಿದಿತ್ತು. ಅಧ್ಯಕ್ಷರು ನನಗೆ ಹೇಳುವುದೇನಾದರೂ ಇದೆಯೆ ಎಂದು ಕೇಳಿದರು. ಇಲ್ಲ ಎಂದು ಹೇಳಿ ಎದ್ದು ಬರಬಹುದಿತ್ತು. ಆದರೆ ಆ ಮನುಷ್ಯ ಅಷ್ಟು ದೂರದಿಂದ ತನ್ನ ತಪ್ಪನ್ನು ಎತ್ತಿಕೊಂಡು ಬಂದು ಮೇಜಿನ ಮೇಲಿಟ್ಟಿದ್ದ. ನೀನು ನಿನ್ನದನ್ನು ಅಂಚೆಯಲ್ಲಿ ಕಳಿಸಿದ್ದೆ. ನನ್ನದು ನನ್ನ ಹತ್ತಿರವೇ ಇತ್ತು. ನಿನಗೂ ಹೇಳಿರಲಿಲ್ಲ, ಈಗ ಹೇಳುತ್ತೇನೆ. ಅವತ್ತು ನಿಂಗರಾಜುವಿನ ಅಂಗಿ ಕತ್ತರಿಸಿದಾಗ, ಗಾಯವಾಗದ ಎಡ ತೋಳಿನಲ್ಲಿ ಒಂದು ಚೂರು ಹತ್ತಿ ಅಂಟಿತ್ತು. ಸೂಜಿ ಹಾಕಿದ ಮೇಲೆ ಒತ್ತುವ ಹತ್ತಿ. ನೋಡಿದೆ. ತಾಯಿ ಇಲ್ಲ ಎಂದಿದ್ದಾಳೆ, ಕೈ ನಜ್ಜುಗುಜ್ಜಾಗಿದೆ, ಹುಡುಗ ಕಿರುಚುತ್ತಿದ್ದಾನೆ, ಡಾಕ್ಟರು ಬೇಗ ಎನ್ನುತ್ತಿದ್ದಾರೆ. ಇದೇನು ಎಂದು ಕೇಳಲು ಒಂದು ಗಳಿಗೆ ಬೇಕಿತ್ತು. ಕೇಳಲಿಲ್ಲ. ಚೀಟಿ ಬರಲಿಲ್ಲ ಎಂದು ಹದಿನಾಲ್ಕು ತಿಂಗಳು ಕೂಗಿದವಳು ಹತ್ತಿಯ ವಿಷಯ ಬಾಯಿಬಿಟ್ಟಿರಲಿಲ್ಲ. ಸಭೆಯಲ್ಲಿ ಹೇಳಿಬಿಟ್ಟೆ.

ಕೊನೆಗೆ ನನಗೆ ಒಂದು ಲಿಖಿತ ಎಚ್ಚರಿಕೆ ಕೊಟ್ಟರು, ದಾಖಲೆ ಮುಚ್ಚಿಟ್ಟಳೆಂಬ ಆರೋಪ ತೆಗೆದರು, ಸೋಮವಾರದಿಂದ ತುರ್ತು ವಾರ್ಡಿಗೆ ಹೋಗು ಎಂದರು. ಬಂದವರ ಮೈಯನ್ನು ತಲೆಯಿಂದ ಕಾಲಿನವರೆಗೆ ನೋಡಿದ ಮೇಲೆಯೇ ಸೂಜಿ ಎಂದು ನಮ್ಮ ಡಾಕ್ಟರೇ ಗೋಡೆಗೆ ಬರೆದು ಹಾಕಿಸುತ್ತಿದ್ದಾರೆ. ಸುತ್ತಲಿನ ಎಲ್ಲ ಕೇಂದ್ರಗಳಿಗೆ ನಿನ್ನ ನೀಲಿ ಔಷಧಿಯ ಪದ್ಧತಿ ಕಳಿಸುವ ಮಾತೂ ಆಯಿತು. ನಿನ್ನ ಹೆಸರು ಹಾಕುತ್ತಾರೋ ಇಲ್ಲವೋ ಗೊತ್ತಿಲ್ಲ.

ಹೊರಗೆ ಬಂದಾಗ ನಂಜಪ್ಪ ಕಾರಿಡಾರಿನಲ್ಲಿ ನಿಂತಿದ್ದ. ಹತ್ತಿಯ ವಿಷಯ ಕೇಳಿದ್ದಾನೆ, ಬೈಯುತ್ತಾನೆ ಎಂದುಕೊಂಡೆ. ಬೈಯಲಿ ಎಂದೇ ಎದುರಿಗೆ ಹೋಗಿ ನಿಂತೆ. ಅವನು ಬೇರೆ ಏನನ್ನೋ ಕೇಳಿದ.

“ಕಡೇಲಿ ನಮ್ ಹೈದ ಏನಾರ ಅಂದ್ನಾ ಕಣವ್ವ? ಅವ್ರವ್ವನ್ನ ಆಚೆಗೆ ಕಳ್ಸಿದ್ರಂತೆ.”

ಪುಟ್ಟಿ, ಆ ಹುಡುಗ ಒಂದು ಮಾತು ಆಡಿದ್ದ. ನಾನು ಸೂಜಿ ಹಾಕಿದ ಸ್ವಲ್ಪ ಹೊತ್ತಿಗೆ ಕಿರುಚುವುದನ್ನು ನಿಲ್ಲಿಸಿ, ಕಣ್ಣು ಬಿಟ್ಟು ನನ್ನನ್ನು ನೋಡಿದ. “ನೋವು ಓಯ್ತು ಕಣಕ್ಕ, ಒಸಿ ಮನೀಕತೀನಿ” ಎಂದ. ಆಮೇಲೆ ಏಳಲಿಲ್ಲ. ಯಾವ ವಿಚಾರಣೆಯಲ್ಲೂ ನಾನು ಅದನ್ನು ಹೇಳಿಲ್ಲ, ಯಾರೂ ಕೇಳಲೂ ಇಲ್ಲ. ಅವನನ್ನು ಕೊಂದ ಸೂಜಿಗೆ ಅವನೇ ಉಪಕಾರ ಹೇಳಿದ ಹಾಗಿತ್ತು ಆ ಮಾತು. ನನ್ನ ಬಾಯಿಂದ ಅದು ಹೇಗೆ ಬಂದೀತು?

ನಂಜಪ್ಪನಿಗೆ ಹೇಳಿದೆ. ಅವನು ಇನ್ನೊಂದು ಸಲ ಹೇಳು ಎಂದ. ಹೇಳಿದೆ. ಗೋಡೆಗೆ ಕೈ ಕೊಟ್ಟು ನಿಂತುಕೊಂಡು, ಹಾಗಾದರೆ ನೋವಿನಲ್ಲಿ ಹೋಗಲಿಲ್ಲ ಎಂದು ತನಗೆ ತಾನೇ ಅಂದುಕೊಂಡ. ಆಮೇಲೆ ಅಂಗಳದ ಕಡೆ ನೋಡಿದ.

“ಅವ್ಳಿಗೂ ನೀನೇ ಯೋಳ್ಬುಡವ್ವ. ಒಂದೊರ್ಸದಿಂದ ಅವ್ನು ಕಿರುಚಾದೆ ಕೇಳ್ತದೆ ಅಂತಾಳೆ.”

ನಾನು ಮರದ ಕೆಳಗೆ ಹೋಗಿ ಕುಳ್ಳಮ್ಮನ ಪಕ್ಕ ಕುಳಿತೆ. ಅವಳು ಮುಖ ತಿರುಗಿಸಿಕೊಂಡಳು. ನಾನು ಅವಳ ಕೈ ಹಿಡಿದುಕೊಂಡು, ಅವಳ ಮಗ ಹೇಳಿದ ಹಾಗೆಯೇ ಹೇಳಿದೆ.

ನಿನ್ನ,
ಮಂಗಳಾ